ಗುಂಡನ ಹಲ್ಲೂ, ಗುಂಡನ ಶುಗರ್ರೂ

ಈ ತಿಂಗಳು ಬಂದ ಮೇಲ್‌ಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ಥರ ಇವೆ, ಬೆಕ್ಕು, ಶುಗರ್, ಹಲ್ಲು, ಆಂಟಿಬಯಾಟಿಕ್. ಅದಕ್ಕೆ ನಾಯಿ, ಗಿಳಿ, ಮೊಲದವ್ರೆಲ್ಲ ಈ ಸಲ ಒಂದು ತಿಂಗಳು ಕ್ಷಮಿಸ್ಬೇಕು. ಅರ್ಜೆಂಟ್ ಇದ್ದವರಿಗೆ ಪತ್ರಿಕೆ ಅಚ್ಚಾಗೋವರೆಗೂ ಕಾಯಿಸದೆ ಆಗ್ಲೇ ಉತ್ತರ ಕಳ್ಸಾಗಿದೆ, ಇಲ್ಲಿ ಹಾಕ್ತಿರೋದು ಉಳಿದವರಿಗೂ ಉಪಯೋಗಕ್ಕೆ ಬರ್ಲಿ ಅಂತ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ಮನೆ ಗುಂಡನಿಗೆ ಹನ್ನೊಂದು ವರ್ಷ, ಆಪರೇಷನ್ ಆಗಿರೋ ಗಂಡು, ತೂಕ 6 ಕೆಜಿ. ಎಂಟು ತಿಂಗಳಿಂದ ಶುಗರ್ ಇದೆ, ಬೆಳಿಗ್ಗೆ ಸಂಜೆ ಗ್ಲಾರ್ಜಿನ್ ಇನ್ಸುಲಿನ್ ಎರಡೆರಡು ಯೂನಿಟ್ ಚುಚ್ತೀನಿ, ಮನೇಲೇ ಕಿವಿ ಅಂಚಿಂದ ಒಂದು ಹನಿ ರಕ್ತ ತೆಗೆದು ಮೀಟರ್‌ನಲ್ಲಿ ನೋಡ್ತೀನಿ. 180, 200 ಹೀಗೆ ಇರ್ತಿತ್ತು, ಮೂರು ವಾರದಿಂದ 350ರ ಕೆಳಗೆ ಇಳೀತಾನೇ ಇಲ್ಲ. ಬಾಯಿ ವಾಸನೆ ಹತ್ರ ಹೋಗೋಕಾಗಲ್ಲ, ಜೊಲ್ಲು ಸುರಿಯುತ್ತೆ, ಊಟ ಬಾಯಿಗೆ ಹಾಕ್ಕೊಂಡು ಬೀಳಿಸ್ತಾನೆ, ತಲೆ ಓರೆ ಮಾಡ್ಕೊಂಡು ಒಂದೇ ಪಕ್ಕದಲ್ಲಿ ಅಗೀತಾನೆ, ಈಗ ಎಡಗಣ್ಣಿನ ಕೆಳಗೆ ಊದ್ಕೊಂಡಿದೆ. ಹತ್ರದ ಕ್ಲಿನಿಕ್‌ನಲ್ಲಿ ಎರಡು ಇಂಜೆಕ್ಷನ್ ಕೊಟ್ರು, ಒಂದೇ ದಿನಕ್ಕೆ ಊತ ಇಳಿದೋಯ್ತು, ಆದ್ರೆ ಶುಗರ್ 480 ಆಯ್ತು, ನಾಲ್ಕು ದಿನ ಕಳೆದ್ಮೇಲೆ ಊತ ವಾಪಸ್ ಬಂತು. ಮಗಳು ಎಲ್ಲೋ ಓದಿ ಕ್ಲಿಂಡಾಮೈಸಿನ್ ಬೆಸ್ಟ್ ಅಂತಾಳೆ, ಮೆಡಿಕಲ್ ಶಾಪಿನವ್ರು ಡಾಕ್ಸಿ (ಡಾಕ್ಸಿಸೈಕ್ಲಿನ್) ಕೊಡಿ ಅಂದ್ರು, ನಮ್ಮೆಜಮಾನ್ರು ಮೊಮ್ಮಗನಿಗೆ ಹೋದ ತಿಂಗಳು ತಂದ ಅಮಾಕ್ಸಿಕ್ಲಾವ್ ಸಿರಪ್ ಫ್ರಿಜ್ಜಲ್ಲೇ ಇದೆಯಲ್ಲ ಅದನ್ನೇ ಹಾಕು ಅಂತಾರೆ, ಅತ್ತೆ ಲವಂಗದೆಣ್ಣೆ ಹಚ್ಚು ಅಂತಾರೆ. ಹಲ್ಲು ಕೀಳಿಸೋಣ ಅಂದ್ರೆ ಅನಸ್ತೇಷಿಯಾ ಭಯ, ಶುಗರ್ ಇರೋ ಬೆಕ್ಕು ಏಳೋದೇ ಇಲ್ಲ ಅಂತ ಹೆದರಿಸ್ತಾರೆ. ಆಂಟಿಬಯಾಟಿಕ್‌ನಲ್ಲೇ ವಾಸಿ ಆಗಲ್ವಾ? ಆಗೋದಾದ್ರೆ ಯಾವ್ದು ಕೊಡ್ಲಿ?
ಒಬ್ಬ ಓದುಗರು, ಮೈಸೂರು

ಉತ್ತರ: ಮೊದ್ಲು ಅತ್ತೆಯವರ ಲವಂಗದೆಣ್ಣೆ ಶೀಶೆ ಬೀರು ಒಳಗಿಟ್ಟು ಬೀಗ ಹಾಕಿ. ನಮಗೆ ಹಲ್ಲುನೋವಿಗೆ ಅದು ಚೆನ್ನಾಗೇ ಕೆಲಸ ಮಾಡುತ್ತೆ, ಬೆಕ್ಕಿನ ಲಿವರ್‌ಗೆ ಮಾತ್ರ ಅಂಥದ್ದನ್ನ ಕರಗಿಸಿ ಹೊರಗೆ ಹಾಕೋ ಶಕ್ತಿ ತುಂಬಾ ಕಮ್ಮಿ, ಹಂಗಾಗಿ ಅದು ವಿಷ. ಹಂಗೇ ನೋವಿಗೆ ಅಂತ ಪ್ಯಾರಾಸಿಟಮಾಲ್ ಕೂಡ ಬೇಡ, ಮನೆಮನೇಲಿರೋ ಆ ಜ್ವರದ ಮಾತ್ರೆ ಒಂದೇ ಒಂದು ಸಾಕು ಬೆಕ್ಕನ್ನ ಸಾಯಿಸೋಕೆ. ನೀವು ಕೇಳಿಲ್ಲ, ಆದ್ರೂ ಹೇಳ್ದೆ, ಯಾಕಂದ್ರೆ ನೋವು ನೋಡೋಕಾಗ್ದೆ ರಾತ್ರಿ ಹನ್ನೊಂದಕ್ಕೆ ಅರ್ಧ ಮಾತ್ರೆ ಹಾಕಿ ಬೆಳಿಗ್ಗೆ ಓಡಿ ಬರೋವ್ರನ್ನ ನಾನು ಜಾಸ್ತಿನೇ ನೋಡಿದೀನಿ.

ಈಗ ಆ ಎರಡು ಇಂಜೆಕ್ಷನ್ ವಿಷ್ಯ. ನಾನು ಅಲ್ಲಿರ್ಲಿಲ್ಲ, ಏನು ಕೊಟ್ರೋ ಗೊತ್ತಿಲ್ಲ, ಆದ್ರೆ ಒಂದೇ ದಿನದಲ್ಲಿ ಊತ ಮಾಯ, ಜೊತೆಗೇ ಶುಗರ್ 350ರಿಂದ 480 ಅಂದ್ರೆ ಎರಡನೇ ಇಂಜೆಕ್ಷನ್ ಸ್ಟೀರಾಯ್ಡ್ ಇರ್ಬಹುದು ಅಂತ ನಂಗೆ ಅನುಮಾನ. ಆಂಟಿಬಯಾಟಿಕ್ ಅಷ್ಟು ಬೇಗ ಊತ ಇಳಿಸಲ್ಲ. ಬಾಯಿ ಊತಕ್ಕೆ ಸ್ಟೀರಾಯ್ಡ್ ಹಾಕೋದು ಹಳೇ ಅಭ್ಯಾಸ, ಬೆಕ್ಕು ಅವತ್ತೇ ಊಟ ಮಾಡುತ್ತೆ, ಮನೆಯವ್ರಿಗೂ ಖುಷಿ. ಆದ್ರೆ ಸ್ಟೀರಾಯ್ಡ್ ಇನ್ಸುಲಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತೆ, ಶುಗರ್ ಇಲ್ದೇ ಇರೋ ಬೆಕ್ಕಿಗೂ ಶುಗರ್ ತರಿಸೋ ಔಷಧಿ ಅದು. ಡೆಕ್ಸಾಮೆಥಾಸೋನ್ ಆದ್ರೆ ಎರಡು ಮೂರು ದಿನಕ್ಕೆ ಇಳಿಯುತ್ತೆ, ಡಿಪೋ ಅಂತಾರಲ್ಲ, ವಾರಗಟ್ಟಲೆ ನಿಲ್ಲೋ ಮೀಥೈಲ್‌ಪ್ರೆಡ್ನಿಸೊಲೋನ್, ಅದಾದ್ರೆ ಕಷ್ಟ. ಜಗಳ ಆಡೋಕೆ ಹೋಗ್ಬೇಡಿ, ಫೋನ್ ಮಾಡಿ ಎರಡೂ ಇಂಜೆಕ್ಷನ್ ಹೆಸರು, ಡೋಸ್, ತಾರೀಖು ಬರೆದ್ಕೊಳ್ಳಿ, ಮುಂದಿನ ಡಾಕ್ಟ್ರಿಗೆ ಅದು ಬೇಕೇ ಬೇಕು. ಮತ್ತೆ ಗುಂಡನ ಫೈಲ್ ಮೇಲೆ ದಪ್ಪಕ್ಷರದಲ್ಲಿ ಬರೆಸಿಬಿಡಿ, ಶುಗರ್ ಇದೆ, ಸ್ಟೀರಾಯ್ಡ್ ಬೇಡ ಅಂತ. ನೀವು ಯಾವ ಆಂಟಿಬಯಾಟಿಕ್ ಅಂತ ತಲೆ ಕೆಡಿಸ್ಕೊಂಡಿದೀರಲ್ಲ, ಅದರ ಜೊತೆ ಏನು ಕೊಡಬಾರದು ಅನ್ನೋದು ಅದಕ್ಕಿಂತ ಮುಖ್ಯ.

ಇನ್ನು ಶುಗರ್ ಯಾಕೆ ಏರ್ತು? ಹಲ್ಲಿಂದಾನೇ. ದೇಹದಲ್ಲಿ ಎಲ್ಲೇ ಕೀವು, ಉರಿಯೂತ ಇದ್ರೂ ಇನ್ಸುಲಿನ್ ಮಾತು ಜೀವಕೋಶ ಕೇಳಲ್ಲ, ಬೆಕ್ಕಿನ ಶುಗರ್ ನಮ್ಮ ಟೈಪ್ 2 ಥರದ್ದೇ ಆದ್ರಿಂದ ಈ ಹೊಡೆತ ಜೋರಾಗೇ ಬೀಳುತ್ತೆ. ಶುಗರ್ ಏರಿದ್ರೆ ಸೋಂಕು ವಾಸಿ ಆಗೋದು ನಿಧಾನ, ಸೋಂಕು ಇದ್ರೆ ಶುಗರ್ ಇಳಿಯಲ್ಲ, ಒಂದನ್ನೊಂದು ಹಿಡ್ಕೊಂಡು ಗಾಣ ತಿರುಗ್ತಾ ಇರುತ್ತೆ. ಹಂಗಂತ ಇನ್ಸುಲಿನ್ ಏರಿಸ್ತಾ ಹೋಗೋದೂ ಸರಿಯಲ್ಲ, ಯಾಕೆ ಅಂತ ಕೊನೇಲಿ ಹೇಳ್ತೀನಿ, ಅದನ್ನ ದಯವಿಟ್ಟು ಮರೀದೇ ಓದಿ.

ಆಂಟಿಬಯಾಟಿಕ್‌ನಲ್ಲೇ ವಾಸಿ ಆಗಲ್ವಾ ಅಂದ್ರಿ. ಆಗಲ್ಲ ತಾಯಿ. ಕಣ್ಣಿನ ಕೆಳಗೆ ಊತ ಅಂದ್ರೆ ಹೆಚ್ಚಾಗಿ ಮೇಲ್ದವಡೆ ಹಲ್ಲಿನ ಬೇರಿನ ತುದೀಲಿ ಕೀವು, ಅದು ಕೋರೆಹಲ್ಲಾಗಿರ್ಬಹುದು ಇಲ್ಲಾ ಮಾಂಸ ಕತ್ತರಿಸೋ ಆ ದೊಡ್ಡ ದವಡೆಹಲ್ಲಾಗಿರ್ಬಹುದು. ಒಳಗೆ ಸತ್ತ ಹಲ್ಲಿಗೆ ರಕ್ತ ಹರಿಯಲ್ಲ, ರಕ್ತ ಹೋಗದ ಕಡೆ ಔಷಧಿ ಹೋಗಲ್ಲ. ಮಾತ್ರೆ ಕೊಟ್ಟಷ್ಟು ದಿನ ಸುತ್ತಮುತ್ತಲ ಊತ ಇಳಿಯುತ್ತೆ, ನಿಲ್ಸಿದ ಎರಡು ಮೂರು ವಾರಕ್ಕೆ ಮತ್ತೆ ಬರುತ್ತೆ, ಪ್ರತಿ ಸಲ ಬಂದಾಗ್ಲೂ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳ್ಕೊಂಡಿರುತ್ತೆ. ಮುಳ್ಳು ಕಾಲಲ್ಲೇ ಇಟ್ಕೊಂಡು ಮುಲಾಮು ಹಚ್ಚಿದಂಗೆ. ಬರೀ ಒಸಡು ಕೆಂಪಾಗಿ ಪಾಚಿ ಕಟ್ಟಿರೋ ಬೆಕ್ಕಿಗೆ ನಾನು ಆಂಟಿಬಯಾಟಿಕ್ ಕೊಡೋದೇ ಇಲ್ಲ, ಕ್ಲೀನಿಂಗ್ ಮಾಡಿಸಿ ಅಂತೀನಿ. ಗುಂಡನಿಗೆ ಕೊಡ್ತೀನಿ, ಯಾಕಂದ್ರೆ ಮುಖ ಊದಿದೆ, ಶುಗರ್ ಇದೆ, ಹಲ್ಲು ಕೀಳೋ ದಿನದವರೆಗೆ ಅದನ್ನ ಹಿಡಿದಿಡ್ಬೇಕು. ಅಷ್ಟೇ ಅದರ ಕೆಲಸ.

ಯಾವ್ದು ಅಂತೀರಾ, ನನ್ನ ಮೊದಲ ಆಯ್ಕೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಸಿಡ್, ಅಂದ್ರೆ ನಿಮ್ಮೆಜಮಾನ್ರು ಹೇಳಿದ್ದೇ, ಆದ್ರೆ ಅವರು ಹೇಳಿದ ಬಾಟ್ಲಿ ಅಲ್ಲ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಯಾವಾಗ್ಲೂ ಇರುತ್ತೆ (ಬೆಕ್ಕು ಕಚ್ಚಿದ ಕೈ ರಾತ್ರಿ ಬೆಳಗಾಗೋದ್ರೊಳಗೆ ಊದೋದು ಅದರಿಂದಾನೇ), ಜೊತೆಗೆ ಗಾಳಿ ಇಲ್ಲದ ಕಡೆ ಬೆಳೆಯೋವು ಬೇರೆ, ಆ ಕೆಟ್ಟ ವಾಸನೆ ಅವುಗಳದ್ದು. ಈ ಔಷಧಿ ಎರಡನ್ನೂ ಹಿಡಿಯುತ್ತೆ, ಶುಗರ್ ಮೇಲೂ ಇನ್ಸುಲಿನ್ ಮೇಲೂ ನೇರವಾಗಿ ಏನೂ ಮಾಡಲ್ಲ. ದಿನಕ್ಕೆ ಎರಡ್ಸಲ ಕೊಡ್ಬೇಕು, ನೀವು ಹೆಂಗೂ ಬೆಳಿಗ್ಗೆ ಸಂಜೆ ಊಟ ಇನ್ಸುಲಿನ್ ಅಂತ ಕೂತ್ಕೋತೀರಲ್ಲ, ಅದೇ ಹೊತ್ತಿಗೆ ಊಟದ ಜೊತೆ ಹೋಗ್ಲಿ. ಖಾಲಿ ಹೊಟ್ಟೆಗೆ ಕೊಟ್ರೆ ವಾಂತಿ ಮಾಡ್ಕೊಳ್ಳೋದು ಜಾಸ್ತಿ, ಸ್ವಲ್ಪ ಲೂಸ್ ಮೋಷನ್ ಕೂಡ ಆಗ್ಬಹುದು.

ಮೊಮ್ಮಗನ ಸಿರಪ್ ಯಾಕೆ ಬೇಡ ಅಂದ್ರೆ, ಪುಡಿಗೆ ನೀರು ಬೆರೆಸಿದ ಮೇಲೆ ಅದು ಫ್ರಿಜ್ಜಲ್ಲಿಟ್ರೂ ಏಳು ದಿನ ಅಷ್ಟೇ, ಹೋದ ತಿಂಗಳಿದ್ದು ಈಗ ಬರೀ ಬಣ್ಣದ ನೀರು. ಇನ್ನೊಂದು, ಎರಡು ಔಷಧಿ ಎಷ್ಟಕ್ಕೆಷ್ಟು ಬೆರೆಸಿರ್ತಾರೆ ಅನ್ನೋದು ಬೇರೆ ಬೇರೆ. ಬೆಕ್ಕಿನ ಮಾತ್ರೆ 62.5 ಅಂದ್ರೆ 50 ಅಮಾಕ್ಸಿಸಿಲಿನ್, 12.5 ಕ್ಲಾವುಲನಿಕ್, ನಾಲ್ಕಕ್ಕೊಂದು. ಮನುಷ್ಯರ 375ರಲ್ಲಿ 250ಕ್ಕೆ 125, ಎರಡಕ್ಕೊಂದು, ಅದನ್ನ ಮುರಿದು ಹಾಕಿದ್ರೆ ಕ್ಲಾವುಲನಿಕ್ ಜಾಸ್ತಿಯಾಗಿ ಹೊಟ್ಟೆ ಕೆಡುತ್ತೆ. ಮಕ್ಕಳ ಸಿರಪ್ಪಲ್ಲಿ ಇನ್ನೊಂದು ಲೆಕ್ಕ. ಪ್ರಾಣಿಗಳದ್ದೇ ಮಾತ್ರೆ ಇಲ್ಲಾ ಡ್ರಾಪ್ಸ್ ಸಿಗುತ್ತೆ, ಸಾಮಾನ್ಯ ಸೈಜಿನ ಬೆಕ್ಕಿಗೆ 62.5 ಮಿಲಿಗ್ರಾಂ ದಿನಕ್ಕೆರಡು ಸಲ ಅನ್ನೋದು ಲೇಬಲ್ ಮೇಲಿನ ಡೋಸ್, ಗುಂಡ ಸ್ವಲ್ಪ ದಪ್ಪ ಇದಾನೆ, ಹಾಗಾಗಿ ಡಾಕ್ಟ್ರು ತೂಕ ನೋಡಿ ಬರೆದುಕೊಡ್ಲಿ. ಸಿರಪ್ಪಲ್ಲಿ ಸಕ್ಕರೆ ಇರುತ್ತಲ್ಲ ಅಂತ ತುಂಬಾ ಜನ ಹೆದರ್ತಾರೆ. ಒಂದು ಎಂ.ಎಲ್. ಸಿರಪ್ಪಿನ ಸಕ್ಕರೆ ಅಂಥಾ ಆನೆ ಏನಲ್ಲ, ಬಾಯಲ್ಲಿ ಕೀವು ಬಿಟ್ರೆ ಏರೋ ಶುಗರ್ ಮುಂದೆ ಅದು ಲೆಕ್ಕಕ್ಕಿಲ್ಲ.

ಮಗಳು ಹೇಳಿದ ಕ್ಲಿಂಡಾಮೈಸಿನ್ ತಪ್ಪೇನಲ್ಲ, ಮೂಳೆಯೊಳಗೆ ಚೆನ್ನಾಗಿ ಇಳಿಯುತ್ತೆ, ದವಡೆ ಮೂಳೆಗೆ ಸೋಂಕು ತಗುಲಿದ್ರೆ, ಪೆನಿಸಿಲಿನ್ ಅಲರ್ಜಿ ಇದ್ರೆ ನಾನೂ ಅದನ್ನೇ ಹಿಡೀತೀನಿ. ಆದ್ರೆ ಪಾಶ್ಚುರೆಲ್ಲಾಗೆ ಅದು ಅಷ್ಟಾಗಿ ನಾಟಲ್ಲ. ಎರಡನೇದು ರುಚಿ, ಅಬ್ಬಬ್ಬಾ, ಆ ಡ್ರಾಪ್ಸ್ ಒಂದು ಹನಿ ನಾಲಿಗೆಗೆ ತಾಗಿದ್ರೆ ಬೆಕ್ಕು ಸೋಪು ತಿಂದಂಗೆ ನೊರೆ ಕಾರುತ್ತೆ, ಆಮೇಲೆ ನಿಮ್ಮ ಕೈ ಕಂಡ್ರೆ ಮಂಚದ ಕೆಳಗೆ. ಮೆಟ್ರೊನಿಡಜೋಲ್ ಅಂತ ಇನ್ನೊಂದು ಆಂಟಿಬಯಾಟಿಕ್ ಇದೆ, ಅದರದ್ದೂ ಇದೇ ಕಥೆ, ಕಹಿ. ಶುಗರ್ ಇಲ್ಲದ ಬೆಕ್ಕಾದ್ರೆ ಒಂದು ಹೊತ್ತು ಮುನಿಸ್ಕೊಂಡು ಊಟ ಬಿಟ್ರೂ ನಡೆಯುತ್ತೆ, ಇನ್ಸುಲಿನ್ ತಗೊಳ್ಳೋ ಬೆಕ್ಕು ಊಟ ಬಿಟ್ರೆ ನಡೆಯಲ್ಲ. ಅದಕ್ಕೇ ನನ್ನ ಪ್ರಕಾರ ಶುಗರ್ ಬೆಕ್ಕಿಗೆ ಒಳ್ಳೇ ಆಂಟಿಬಯಾಟಿಕ್ ಅಂದ್ರೆ ಆ ಬ್ಯಾಕ್ಟೀರಿಯಾಗೆ ಸರಿಹೋಗೋದು, ಜೊತೆಗೆ ತಟ್ಟೆ ಹತ್ರ ಬರೋದನ್ನ ಬೆಕ್ಕು ನಿಲ್ಲಿಸದೇ ಇರೋ ಹಾಗೆ ಗಂಟಲಿಗಿಳಿಯೋದು. ಬಾಯಿ ನೋಯ್ತಿರೋ ಬೆಕ್ಕಿನ ದವಡೆ ಅಗಲಿಸಿ ಮಾತ್ರೆ ತುರುಕಿದ್ರೆ ಎಂಥಾ ಒಳ್ಳೇ ಔಷಧಿನೂ ಶತ್ರು ಆಗಿಬಿಡುತ್ತೆ, ಹಾಗಾಗಿ ನೋವಿನ ಔಷಧಿನೂ ಡಾಕ್ಟ್ರ ಹತ್ರ ಕೇಳಿ ತಗೊಳ್ಳಿ, ಬ್ಯೂಪ್ರೆನಾರ್ಫಿನ್ ಒಳ್ಳೇದು, ಕೆನ್ನೆ ಒಳಗೆ ಬಿಟ್ರೂ ಹೀರ್ಕೊಳ್ಳುತ್ತೆ. ಮೆಲಾಕ್ಸಿಕಾಮ್ ಕೊಡೋದಾದ್ರೆ ಕಿಡ್ನಿ ಟೆಸ್ಟ್ ನೋಡಿದ ಮೇಲೆ.

ಊಟ ಅರ್ಧಂಬರ್ಧ ತಿಂದ ದಿನ ಇನ್ಸುಲಿನ್ ಏನ್ಮಾಡ್ಬೇಕು ಅಂತ ಡಾಕ್ಟ್ರ ಹತ್ರ ಮೊದ್ಲೇ ಕೇಳಿ ಬರೆದಿಟ್ಕೊಳ್ಳಿ. ಸಾಮಾನ್ಯವಾಗಿ ಅರ್ಧ ತಿಂದ್ರೆ ಡೋಸ್ ಅರ್ಧ, ಏನೂ ತಿನ್ನದಿದ್ರೆ ಕೊಡೋಕೆ ಮುಂಚೆ ಫೋನ್. ಪೂರ್ತಿ ನಿಲ್ಲಿಸಿ ಎರಡು ಮೂರು ದಿನ ಸುಮ್ನಿರೋದೂ ಅಪಾಯ, ಕೀಟೋನ್ (ಸಕ್ಕರೆ ಬಳಸೋಕಾಗದೆ ಮೈ ಕೊಬ್ಬು ಕರಗಿಸುವಾಗ ರಕ್ತದಲ್ಲಿ ಸೇರೋ ಆಮ್ಲ) ಏರುತ್ತೆ, ವಾಂತಿ, ಸುಸ್ತು, ಉಸಿರಲ್ಲಿ ನೇಲ್‌ಪಾಲಿಷ್ ತೆಗೆಯೋ ದ್ರಾವಣದಂಥ ವಾಸನೆ. ಮೂತ್ರದಲ್ಲಿ ಕೀಟೋನ್ ನೋಡೋ ಪಟ್ಟಿ ಮೆಡಿಕಲ್ ಶಾಪಲ್ಲೇ ಸಿಗುತ್ತೆ, ಒಂದು ಡಬ್ಬಿ ಇಟ್ಕೊಳ್ಳಿ. ಗುಂಡನ ಥರದ ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ರೆ ಲಿವರ್‌ಗೆ ಕೊಬ್ಬು ತುಂಬ್ಕೊಳ್ಳುತ್ತೆ ಬೇರೆ.

ಅನಸ್ತೇಷಿಯಾ ವಿಷ್ಯ. ಏಳೋದೇ ಇಲ್ಲ ಅನ್ನೋದು ಸುಳ್ಳು, ರಿಸ್ಕೇ ಇಲ್ಲ ಅನ್ನೋದೂ ಸುಳ್ಳು. ಮೊದ್ಲು ಕಿಡ್ನಿ, ಲಿವರ್, ಥೈರಾಯ್ಡ್ ರಕ್ತ ಪರೀಕ್ಷೆ, ಎದೆಗೆ ಸ್ಟೆತಸ್ಕೋಪ್ ಇಟ್ಟು ಹಾರ್ಟ್ ನೋಡೋದು. ಬೆಳಗಿನ ಮೊದಲ ಕೇಸ್ ನಮ್ದೇ ಇರ್ಲಿ ಅಂತ ಕೇಳ್ಕೊಳ್ಳಿ, ಉಪವಾಸ ಕಮ್ಮಿ ಆಗುತ್ತೆ, ಸಂಜೆ ಊಟಕ್ಕೆ ಮನೇಲಿರ್ತಾನೆ. ಅವತ್ತು ಬೆಳಿಗ್ಗೆ ಸಾಮಾನ್ಯವಾಗಿ ಅರ್ಧ ಡೋಸ್ ಇನ್ಸುಲಿನ್ ಹೇಳ್ತಾರೆ, ಮಲಗಿರೋವಾಗ ಡ್ರಿಪ್ ಹಾಕಿ ಅರ್ಧ ಗಂಟೆ, ಗಂಟೆಗೊಂದು ಸಲ ಶುಗರ್ ನೋಡ್ತಾರೆ. ನೀವು ಕೇಳ್ಬೇಕಾದ ಪ್ರಶ್ನೆ ಒಂದೇ, ಹಲ್ಲಿನ ಎಕ್ಸ್‌ರೇ ಇದ್ಯಾ ಅಂತ. ಬೆಕ್ಕಿಗೆ ಒಟ್ಟು 30 ಹಲ್ಲು, ಹೊರಗೆ ಚೆನ್ನಾಗಿ ಕಾಣೋ ಹಲ್ಲಿನ ಬೇರು ಒಳಗೆ ಕರಗಿಹೋಗಿರುತ್ತೆ, ಎಕ್ಸ್‌ರೇ ಇಲ್ದೇ ಕಿತ್ತು ಬೇರಿನ ಚೂರು ಉಳಿದ್ರೆ ಕೀವೂ ಉಳಿಯುತ್ತೆ, ಮತ್ತೆ ಅನಸ್ತೇಷಿಯಾ. ಮೈಸೂರಲ್ಲೇ ವಿಚಾರಿಸಿ, ಸಿಗದಿದ್ರೆ ಬೆಂಗಳೂರಿಗೆ ಒಂದು ದಿನ ಬನ್ನಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಫೋನ್ ಮಾಡಿ ಕೇಳ್ಬಹುದು. 350 ಇರೋ ಶುಗರ್ 200ಕ್ಕೆ ಬರ್ಲಿ ಆಮೇಲೆ ಮಾಡೋಣ ಅಂತ ತಿಂಗಳುಗಟ್ಟಲೆ ಮುಂದೂಡ್ಬೇಡಿ, ಹಲ್ಲು ಇರೋವರೆಗೂ ಅದು ಬರಲ್ಲ. ಕೀಟೋನ್ ಇಲ್ಲ, ನೀರು ಕಮ್ಮಿಯಾಗಿಲ್ಲ ಅಂದ್ರೆ ಸಾಕು.

ಹಲ್ಲು ಹೋದ್ರೆ ಹೆಂಗೆ ತಿಂತಾನೆ ಅಂತ ಎಲ್ರೂ ಕೇಳ್ತಾರೆ, ನೀವು ಕೇಳಿಲ್ಲ. ತಿಂತಾನೆ, ಈಗಿಗಿಂತ ಚೆನ್ನಾಗಿ.

ಈಗ ಆ ಕೊನೇ ಮಾತು. ಹಲ್ಲು ಕಿತ್ತ ಮೇಲೆ, ಕೆಲವು ಸಲ ಬರೀ ಆಂಟಿಬಯಾಟಿಕ್ ಹಿಡಿದ ನಾಲ್ಕೈದು ದಿನಕ್ಕೇ, ಇನ್ಸುಲಿನ್‌ಗೆ ಅಡ್ಡ ನಿಂತಿದ್ದು ಹೋಗಿಬಿಡುತ್ತೆ. ಆಗ ಸೋಂಕಿದ್ದಾಗ ಏರಿಸಿದ ಡೋಸ್ ಏಕ್ದಮ್ ಜಾಸ್ತಿ ಆಗುತ್ತೆ, ಶುಗರ್ 50ಕ್ಕೂ ಬೀಳ್ಬಹುದು. ಅದಕ್ಕೇ ಏರಿಸ್ತಾ ಹೋಗ್ಬೇಡಿ ಅಂದಿದ್ದು. ಆ ಎರಡು ವಾರ ಪ್ರತಿ ಇನ್ಸುಲಿನ್‌ಗೂ ಮುಂಚೆ ಕಿವಿ ಚುಚ್ಚಿ ನೋಡಿ, ಮಧ್ಯಾಹ್ನ ಒಂದು ಸಲನೂ ನೋಡಿ. ನಮ್ಮ ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಮ್ಮಿನೇ ತೋರಿಸುತ್ತೆ, ಅದು ಲೆಕ್ಕದಲ್ಲಿರ್ಲಿ, ಕ್ಲಿನಿಕ್‌ನಲ್ಲಿ ಹೆದರಿ ಏರಿದ ನಂಬರ್‌ಗಿಂತ ನಿಮ್ಮನೆ ನಂಬರ್ರೇ ನಂಗೆ ನಂಬಿಕೆ. ಕೆಲವು ಬೆಕ್ಕಿಗೆ ಬಾಯಿ ಕ್ಲೀನ್ ಆದ ಮೇಲೆ ಇನ್ಸುಲಿನ್ನೇ ಬೇಡ ಅನ್ನೋ ಮಟ್ಟಕ್ಕೂ ಬರುತ್ತೆ. ಗುಂಡನಿಗೆ ಹಂಗಾಗುತ್ತೆ ಅಂತ ನಾನು ಮಾತು ಕೊಡಲ್ಲ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೆಕ್ಕಿಗೂ ಶುಗರ್, ಹಲ್ಲಿಗೆ ಅಂತ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ವಿ, ಹಾಲಲ್ಲಿ ಅದ್ದಿ ಗಂಟಲಿಗೆ ಹಾಕ್ತಿದ್ವಿ. ಹತ್ತು ದಿನದ ಮೇಲೆ ಈಗ ಊಟ ನುಂಗಿದ ಕೂಡ್ಲೇ ಹಂಗಂಗೇ ವಾಪಸ್ ಬರ್ತಿದೆ, ಕತ್ತು ಚಾಚಿ ಚಾಚಿ ನುಂಗುತ್ತೆ. ಹಲ್ಲಿನ ನೋವೇ ಜಾಸ್ತಿ ಆಗಿದ್ಯಾ?
ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಹಲ್ಲಲ್ಲ, ಅನ್ನನಾಳ ಇರ್ಬೇಕು, ಇವತ್ತೇ ತೋರಿಸಿ. ಬೆಕ್ಕು ಒಣ ಮಾತ್ರೆ ನುಂಗಿದ್ರೆ ಅದು ಹೊಟ್ಟೆಗೆ ಹೋಗದೇ ಎದೆ ಮಧ್ಯೆ ಅನ್ನನಾಳದಲ್ಲೇ ಕೂತ್ಬಿಡುತ್ತೆ, ಡಾಕ್ಸಿಯ ಹೈಕ್ಲೇಟ್ ಅನ್ನೋ ರೂಪ ಅಂತೂ ಆಸಿಡ್ ಇದ್ದಂಗೆ, ಕೂತ ಕಡೆ ಸುಟ್ಟು ಗಾಯ, ಗಾಯ ಮಾಯೋವಾಗ ಅಲ್ಲಿ ನಾಳ ಕಿರಿದಾಗುತ್ತೆ. ಮಾತ್ರೆ ಶುರು ಮಾಡಿ ಕೆಲವು ದಿನ, ಕೆಲವು ವಾರ ಕಳೆದ ಮೇಲೇನೇ ಇದು ಗೊತ್ತಾಗೋದು. ವಾಂತಿ ಅಲ್ಲ ಇದು, ಹೊಟ್ಟೆ ಕುಲುಕದೇ ಊಟ ಜಾರಿ ಬರೋದು, ಡಾಕ್ಟ್ರಿಗೆ ಹಂಗೇ ಹೇಳಿ, ಆಗ್ಲಿಲ್ಲ ಅಂದ್ರೆ ಮೊಬೈಲಲ್ಲಿ ವಿಡಿಯೊ ಮಾಡ್ಕೊಂಡು ಹೋಗಿ. ಎಂಡೋಸ್ಕೋಪ್ ಹಾಕಿ ಬಲೂನಿನಿಂದ ಹಿಗ್ಗಿಸ್ಬೇಕಾಗ್ಬಹುದು. ಅಲ್ಲಿವರೆಗೂ ಮಾತ್ರೆ ನಿಲ್ಸಿ, ಊಟ ನೀರು ನೀರಾಗಿ ಅರೆದು ಕೊಡಿ, ಒಳಗೆ ನಿಲ್ತಿಲ್ಲ ಅಂದ್ರೆ ಇನ್ಸುಲಿನ್ ಮಾಮೂಲಿ ಡೋಸ್ ಚುಚ್ಚಬೇಡಿ, ಫೋನ್ ಮಾಡಿ ಕೇಳಿ.

ಡಾಕ್ಸಿಗೂ ಶುಗರ್‌ಗೂ ನೇರ ಜಗಳ ಏನಿಲ್ಲ, ಕೆಲವು ಕಾಯಿಲೆಗೆ ಅದೇ ಬೇಕು. ಕೊಡೋದೇ ಆದ್ರೆ ಮಾನೊಹೈಡ್ರೇಟ್ ಅನ್ನೋ ರೂಪ ಕೇಳಿ, ದ್ರವವಾದ್ರೆ ಇನ್ನೂ ಒಳ್ಳೇದು, ಮಾತ್ರೆ ಆದ್ರೆ ಹಿಂದೆನೇ ಸೂಜಿ ತೆಗೆದ ಸಿರಿಂಜಲ್ಲಿ ಐದಾರು ಎಂ.ಎಲ್. ನೀರು ಕೆನ್ನೆ ಪಕ್ಕದಿಂದ ನಿಧಾನಕ್ಕೆ ಬಿಡಿ, ಇಲ್ಲಾ ಎರಡು ತುತ್ತು ಊಟ ಹಾಕಿ. ಹಾಲು ಬೇಡ, ಮೊಸರೂ ಬೇಡ. ನಮ್ಮ ಕಡೆ ಎಲ್ಲಾ ಮಾತ್ರೆನೂ ಹಾಲಲ್ಲೇ ಕೊಡೋ ಅಭ್ಯಾಸ, ಹಾಲಿನ ಕ್ಯಾಲ್ಸಿಯಂ ಈ ಜಾತಿ ಔಷಧಿನ ಹಿಡ್ಕೊಂಡು ಮೈಗೆ ಹತ್ತೋಕೆ ಬಿಡಲ್ಲ.

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿರೋ ಕನ್ನಡಿಗರು. ಒಂಬತ್ತು ವರ್ಷದ ಹೆಣ್ಣು ಬೆಕ್ಕು, ಶುಗರ್‌ಗೆ ಇನ್ಸುಲಿನ್ ಇಲ್ಲ, ದಿನಕ್ಕೊಂದು ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆ. ಹಲ್ಲಿನ ಸೋಂಕಿಗೆ ವೆಟ್ ಎರಡು ವಾರ ಕೆಲಸ ಮಾಡೋ ಒಂದೇ ಇಂಜೆಕ್ಷನ್ ಕೊಡ್ತೀನಿ ಅಂತಿದ್ದಾರೆ. ಮಾತ್ರೆ ಕಾಟ ತಪ್ಪುತ್ತೆ ಅಂತ ಖುಷಿ, ಆದ್ರೂ ಅಮ್ಮ ಊರಿಂದ ಫೋನ್ ಮಾಡಿ ನಿಮ್ಮನ್ನ ಕೇಳು ಅಂದ್ರು.

ಉತ್ತರ: ಅಮ್ಮನಿಗೆ ನಮಸ್ಕಾರ ಹೇಳಿ. ಆ ಇಂಜೆಕ್ಷನ್ ಸೆಫೊವೆಸಿನ್ ಇರ್ಬೇಕು. ಮಾತ್ರೆ ಮುಟ್ಟೋಕೂ ಬಿಡದ ಬೆಕ್ಕಿಗೆ ಅದು ದೊಡ್ಡ ಉಪಕಾರ, ನಾನು ಬೇಡ ಅನ್ನಲ್ಲ. ಆದ್ರೆ ಎರಡು ವಿಷ್ಯ ತಿಳ್ಕೊಂಡು ಹೂಂ ಅನ್ನಿ. ಸೋಂಕಿನ ಮೇಲೆ ಅದರ ಕೆಲಸ ಹದಿನಾಲ್ಕು ದಿನ, ಮೈಯಿಂದ ಪೂರ್ತಿ ಹೋಗೋಕೆ ಮಾತ್ರ 65 ದಿನ. ಅಲರ್ಜಿ ಆದ್ರೆ, ಹೊಟ್ಟೆ ಕೆಟ್ಟು ಊಟ ಬಿಟ್ರೆ, ಮಾತ್ರೆ ಆದ್ರೆ ನಿಲ್ಲಿಸ್ಬಹುದು, ಇಂಜೆಕ್ಷನ್ ವಾಪಸ್ ತಗೊಳ್ಳೋಕಾಗಲ್ಲ. ಇನ್ನೊಂದು, ಅಮೆರಿಕದಲ್ಲಿ ಬೆಕ್ಕಿಗೆ ಅದರ ಲೇಬಲ್ ಇರೋದು ಚರ್ಮದ ಗಾಯ, ಕೀವಿಗೆ, ಹಲ್ಲಿಗೆ ಕೊಡೋದು ಡಾಕ್ಟ್ರ ವಿವೇಚನೆ. ಬೆಕ್ಕು ಡ್ರಾಪ್ಸ್ ತಗೊಳ್ಳುತ್ತೆ ಅಂದ್ರೆ ಮೊದ್ಲು ಅಮಾಕ್ಸಿಕ್ಲಾವ್ ನೋಡೋಣ್ವಾ ಅಂತ ಕೇಳಿ, ತಪ್ಪು ತಿಳ್ಕೊಳ್ಳಲ್ಲ.

ನಂಗೆ ಅದಕ್ಕಿಂತ ಭಯ ಇರೋದು ನಿಮ್ಮ ಶುಗರ್ ಮಾತ್ರೆ ಮೇಲೆ. 2022ರ ಡಿಸೆಂಬರ್‌ನಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದ ಔಷಧಿ ಅದು, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಅಂತ ದ್ರವದ ರೂಪದ್ದೂ ಬಂತು, ಎರಡೂ ಮೂತ್ರದಲ್ಲಿ ಸಕ್ಕರೆ ಹೊರಗೆ ತಳ್ಳೋವು. ಒಳ್ಳೇ ಔಷಧಿಗಳೇ. ಆದ್ರೆ ಬಾಯಿ ನೋವಿಗೆ ಬೆಕ್ಕು ಊಟ ಬಿಡ್ತು ಅನ್ಕೊಳ್ಳಿ, ಶುಗರ್ ಮೀಟರ್‌ನಲ್ಲಿ ಚೆನ್ನಾಗೇ ಕಾಣುತ್ತೆ, 150, 160, ನೀವು ನಿಶ್ಚಿಂತೆಯಾಗಿ ಆಫೀಸಿಗೆ ಹೋಗಿರ್ತೀರಿ, ಒಳಗೆ ಕೀಟೋನ್ ಏರ್ತಿರುತ್ತೆ. ಇನ್ಸುಲಿನ್ ಬೆಕ್ಕಲ್ಲಿ ನಂಬರ್ ಏರಿ ನಮ್ಮನ್ನ ಎಚ್ಚರಿಸುತ್ತೆ, ಇಲ್ಲಿ ಎಚ್ಚರಿಸಲ್ಲ. ಊಟ ಬಿಟ್ರೆ, ಸುಸ್ತಾದ್ರೆ, ವಾಂತಿ ಆದ್ರೆ ಅವತ್ತಿನ ಮಾತ್ರೆ ಕೊಡದೇ ವೆಟ್‌ಗೆ ಫೋನ್ ಮಾಡಿ ಕೀಟೋನ್ ನೋಡಿಸಿ. ಹಲ್ಲು ಕೀಳಿಸೋಕೆ ದಿನ ಗೊತ್ತಾದಾಗ ಈ ಮಾತ್ರೆ ಯಾವಾಗ ನಿಲ್ಲಿಸೋದು, ಯಾವಾಗ ಶುರು ಮಾಡೋದು ಅಂತ ನೀವೇ ಬಾಯಿಬಿಟ್ಟು ಕೇಳಿ, ಹಲ್ಲಿನ ಸ್ಪೆಷಲಿಸ್ಟ್ ಬೇರೆಯವರಾದ್ರೆ ಅವರಿಗೂ ಹೇಳಿ.

ಪ್ರಶ್ನೆ: ಮೇಡಂ ನಮಸ್ಕಾರ್ರೀ. ನಮ್ಮ ಬೆಕ್ಕಿಗಿ ಸಕ್ಕರಿ ಬ್ಯಾನಿ ಐತ್ರಿ, ದಿನಾ ಎರಡು ಹೊತ್ತು ಗ್ಲಾರ್ಜಿನ್ ಎರಡು ಯೂನಿಟ್. ಹೋದ ವಾರ ಹಲ್ಲು ಕಿತ್ತಾರ, ಎನ್ರೋಫ್ಲಾಕ್ಸಾಸಿನ್ ಗುಳಿಗಿ ಕೊಟ್ಟಾರ. ನಿನ್ನಿಯಿಂದ ಇನ್ಸುಲಿನ್ ಮಾಡಿ ಎರಡು ತಾಸಿಗೆ ತೂರಾಡಾಕತ್ತೈತಿ, ಒಂದ ಕಡೆ ದಿಟ್ಟಿಸಿ ನೋಡ್ತೈತಿ. ಗುಳಿಗಿ ತಡದಿಲ್ಲೇನ್ರಿ?
ಒಬ್ಬರು, ಹುಬ್ಬಳ್ಳಿ

ಉತ್ತರ: ಈ ಮೇಲ್ ನೋಡಿದ ಕೂಡ್ಲೇ ಫೋನ್ ಮಾಡ್ದೆ, ಯಾಕಂದ್ರೆ ಇದು ಶುಗರ್ ಬಿದ್ದಿರೋ ಲಕ್ಷಣ, ಪತ್ರಿಕೆ ಕಾಯೋ ವಿಷ್ಯ ಅಲ್ಲ. ಮೀಟರ್‌ನಲ್ಲಿ 41 ಬಂತು. ಜೇನುತುಪ್ಪ ಇದ್ರೆ ಜೇನು, ಇಲ್ಲ ಅಂದ್ರೆ ಬೆಲ್ಲದ ಪಾಕ, ಬೆರಳಲ್ಲಿ ತಗೊಂಡು ಒಸಡಿಗೆ ಸವರಿ ಅಂದೆ, ಗಂಟಲಿಗೆ ಸುರೀಬೇಡಿ ನೆತ್ತಿಗೇರುತ್ತೆ ಅಂದೆ, ಸ್ವಲ್ಪ ಎಚ್ಚರ ಆದ ಮೇಲೆ ಊಟ ಇಟ್ಟು ಹಂಗೇ ಎತ್ಕೊಂಡು ಆಸ್ಪತ್ರೆಗೆ ಹೋಗೋಕೆ ಹೇಳ್ದೆ.

ಗುಳಿಗಿ ಮೇಲೆ ಅನುಮಾನ ಪಡೋದು ತಪ್ಪಲ್ಲ, ಆ ಜಾತಿ ಔಷಧಿಗಳು ಮನುಷ್ಯರಲ್ಲಿ ಶುಗರ್ ಏರುಪೇರು ಮಾಡೋದುಂಟು. ಬೆಕ್ಕಿಗೆ ಎನ್ರೋಫ್ಲಾಕ್ಸಾಸಿನ್ನಿಂದ ನಂಗಿರೋ ದೊಡ್ಡ ಹೆದರಿಕೆ ಕಣ್ಣು, ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ದಾಟಿದ್ರೆ ರೆಟಿನಾ ಹೋಗಿ ಕುರುಡಾಗ್ಬಹುದು, ಪಾಪೆ ದೊಡ್ಡದಾಗಿ ಗೋಡೆಗೆ ಡಿಕ್ಕಿ ಹೊಡೆದ್ರೆ ಅವತ್ತೇ ನಿಲ್ಲಿಸ್ಬೇಕು. ಬಾಯಿ ಸೋಂಕಿನ ಗಾಳಿ ಬೇಡದ ಬ್ಯಾಕ್ಟೀರಿಯಾಗೆ ಅದು ಅಷ್ಟು ನಾಟೋದೂ ಇಲ್ಲ, ಹಲ್ಲಿಗೆ ನಾನಂತೂ ಬರೆಯಲ್ಲ. ಹಲ್ಲು ಕಿತ್ತ ಮೇಲೆ ಇನ್ಸುಲಿನ್ ಬೇಡಿಕೆ ಇಳಿಯುತ್ತೆ ಅಂತ ಮೈಸೂರಿನವರಿಗೆ ಹೇಳಿದ್ನಲ್ಲ, ಅದೂ ಇತ್ತು.

ಆದ್ರೂ 41 ಅಂದ್ರೆ ಜಾಸ್ತಿ ಆಯ್ತು ಅನ್ನಿಸಿ ಸಿರಿಂಜ್ ಮುಚ್ಚಳ ಯಾವ ಬಣ್ಣ ಅಂತ ಕೇಳ್ದೆ. ಕೆಂಪುರೀ ಅಂದ್ರು. ಹಳೇವು ಖಾಲಿಯಾಗಿ ಹಿಂದಿನ ದಿನ ತಾನೇ ಹೊಸ ಪ್ಯಾಕೆಟ್ ತಂದಿದ್ರಂತೆ, ಹಳೇವು ಕಿತ್ತಳೆ ಬಣ್ಣದ್ದು. ನಮ್ಮ ದೇಶದಲ್ಲಿ ಎಂ.ಎಲ್.ಗೆ 40 ಯೂನಿಟ್ ಇರೋ ಇನ್ಸುಲಿನ್ನೂ ಇದೆ, 100 ಇರೋದೂ ಇದೆ, ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ 100ರದ್ದು. ಗ್ಲಾರ್ಜಿನ್ 100ರದ್ದು. ಅದನ್ನ ಕೆಂಪು ಸಿರಿಂಜಲ್ಲಿ ಎರಡನೇ ಗೆರೆವರೆಗೆ ಎಳೆದ್ರೆ ಎರಡು ಯೂನಿಟ್ ಅಲ್ಲ, ಐದು. ಅಂಗಡಿಯವ್ರು ಇನ್ಸುಲಿನ್ ಸಿರಿಂಜ್ ಕೊಡಿ ಅಂದಿದ್ದಕ್ಕೆ ಕೈಗೆ ಸಿಕ್ಕಿದ್ದು ಕೊಟ್ಟಿದ್ರು, ಇವರೂ ಬಣ್ಣ ನೋಡಿರ್ಲಿಲ್ಲ.

ಎರಡು ದಿನ ಡ್ರಿಪ್ ಹಾಕಿ ಮನೆಗೆ ಕಳಿಸಿದ್ರು, ಗುಳಿಗಿ ಬದಲಾಯಿಸಿದ್ರು. ಈಗ ಕಿತ್ತಳೆ ಮುಚ್ಚಳದಲ್ಲಿ ಒಂದೇ ಯೂನಿಟ್ ನಡೀತಿದೆ, ನಿನ್ನೆ ಮಧ್ಯಾಹ್ನ ನೋಡಿದಾಗ 140 ಇತ್ತಂತೆ, ತಟ್ಟೆ ನೆಕ್ಕಿ ಕಾಲ ಮೇಲೆ ಬಂದು ಮಲ್ಕೊಂಡಿತ್ತಂತೆ.